ಹಾಡಿನಲ್ಲಿ ಸಭಿಕರ ಪಾಲು

ಕಾವ್ಯಕ್ಕೆ ಕವಿಯೊಬ್ಬನೇ ಕರ್ತೃವಲ್ಲ, ಸಹೃದಯನೂ ಅದರಲ್ಲಿ ಪಾಲುಗಾರನು ಎಂಬ ಮಾತು ನಮ್ಮ ಮೀಮಾಂಸೆಯಲ್ಲಿ ಬಹು ಹಳೆಯದು. ಅಭಿನವಗುಪ್ತನು ‘ಲೋಚನ’ವನ್ನು ತೊಡಗುವಾಗಲೇ ಸರಸ್ವತಿಯ ತತ್ತ್ವವನ್ನು ಕವಿ, ಸಹೃದಯ ಎಂಬ ಎರಡು ಹೆಸರುಗಳನ್ನು ಕೂಡಿಸಿ ಕರೆದು ಅದಕ್ಕೆ ಜಯಕಾರ ಹಾಡಿದ್ದಾನೆ. ತರಗತಿಗಳಲ್ಲಿ ಇದನ್ನು ವರ್ಷವರ್ಷವೂ ಪಾಠ ಹೇಳುತ್ತೇವೆ. ವಿದ್ಯಾರ್ಥಿಗಳೂ ತಪ್ಪದೆ ಬರೆದುಕೊಳ್ಳುತ್ತಾರೆ. ಆದರೆ ಆ ಪಾಲುಗಾರನ ಪಾಲು ಯಾವುದೆಂದು ಚುರುಕಾದ ಹುಡುಗನೊಬ್ಬನು ಎದ್ದುನಿಂತು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ಪುಸ್ತಕವನ್ನು ತೆರೆದರೆ ಕವಿಯ ಮಾತು ಕಾಣುತ್ತದೆ. ಓದಿ ಕರಗಿದವನ ನಿಟ್ಟುಸಿರು ಯಾವ ಪುಟದಲ್ಲಿಯೂ ಅಚ್ಚಾಗಿರುವುದಿಲ್ಲ.

ಆ ಪಾಲು ಕಿವಿಗೆ ಕೇಳುವಂತೆ ಉಳಿದುಬಂದಿರುವ ಒಂದು ಕೃತಿಯ ವಿಷಯವಾಗಿ ಕೆಲವು ಮಾತು ಬರೆಯಬೇಕೆಂದು ನನಗೆ ಬಹುಕಾಲದಿಂದ ಆಸೆ. ಇಂಗ್ಲೆಂಡಿನ ‘ಐರನ್ ಮೇಡನ್’ ಎಂಬ ಹೆವಿ ಮೆಟಲ್ ತಂಡದವರು 2001ರ ಜನವರಿ 19ರ ರಾತ್ರಿ ಬ್ರೆಜಿಲಿನ ರಿಯೋ ಡಿ ಜನೈರೋ ನಗರದ ಬಯಲೊಂದರಲ್ಲಿ ಹಾಡಿ, ಮರುವರ್ಷ ‘ರಾಕ್ ಇನ್ ರಿಯೋ’ ಎಂಬ ಹೆಸರಿನಿಂದ ಹೊರತಂದ ಧ್ವನಿಮುದ್ರಿಕೆ ಅದು. ಸಾಹಿತ್ಯದ ಪುಟದಲ್ಲಿ ಇದರ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರು ಸ್ವಲ್ಪ ತಾಳ್ಮೆಯಿಂದ ಮುಂದಕ್ಕೆ ಓದಬೇಕೆಂದು ಬೇಡುತ್ತೇನೆ. ನನ್ನ ವಾದ ಇಷ್ಟೆ. ಸಭೆಯ ಮುಂದೆ ಹಾಡಿದ್ದನ್ನು ಸಭೆಯ ದನಿಯೊಡನೆಯೇ ಹಿಡಿದಿಟ್ಟ ಮುದ್ರಿಕೆಯನ್ನು ಸ್ಟುಡಿಯೋದ ಮೂಲಕ್ಕೆ ಬಡ ಪ್ರತಿಯೆಂದು ಎಣಿಸುವುದು ಸರಿಯಲ್ಲ. ಅದೇ ಹಾಡಿಗೆ ಅದು ಇನ್ನೊಂದು ಪಾಠ. ಹಾಡುವವರಿಗೆ ವಯಸ್ಸಾದಂತೆಲ್ಲ ಆ ಪಾಠಕ್ಕೇ ಹೆಚ್ಚಿನ ಬೆಲೆ ಬರುತ್ತದೆ.

ತಂಡದ ಪರಿಚಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1975ರ ಕೊನೆಯಲ್ಲಿ ಲಂಡನ್ನಿನ ಪೂರ್ವಭಾಗದ ಸ್ಟೀವ್ ಹ್ಯಾರಿಸ್ ಎಂಬ ತರುಣನು ಇದನ್ನು ಕಟ್ಟಿದನು. ಬೇಸ್ ಗಿಟಾರು ಅವನ ವಾದ್ಯ; ತಂಡದ ಹಾಡುಗಳಲ್ಲಿ ಬಹುಪಾಲು ಅವನ ರಚನೆಯೇ. ತಂಡದ ಬಹುಪಾಲು ಪ್ರಸಿದ್ಧ ಹಾಡುಗಳಿಗೆ ದನಿಯಾದ ಬ್ರೂಸ್ ಡಿಕಿನ್ಸನ್ 1981ರಲ್ಲಿ ಬಂದು ಸೇರಿದನು, 1993ರಲ್ಲಿ ಬಿಟ್ಟುಹೋದನು, 1999ರಲ್ಲಿ ಮರಳಿ ಬಂದನು. ವಿದ್ಯುತ್ ಗಿಟಾರುಗಳ ಗೀರುನಾದ, ಡ್ರಮ್ಮುಗಳ ಬಿರುಸು, ತಾರಸ್ಥಾಯಿಯಲ್ಲಿಯೇ ನೆಲಸಿದ ಹಾಡುಗಾರಿಕೆ, ಇವೆಲ್ಲ ಸೇರಿ ಹೆವಿ ಮೆಟಲ್ ಎನಿಸಿಕೊಂಡಿವೆ. 1970ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಂಥ ಕಾರ್ಖಾನೆಯ ಊರುಗಳಲ್ಲಿ ಹುಟ್ಟಿದ ಸಂಗೀತ ಇದು. ಅಪರಿಚಿತ ಕಿವಿಗೆ ಮೊದಲ ಸಲ ಬಿದ್ದಾಗ ಗದ್ದಲವೆನಿಸಿದರೆ ಅದು ಕೇಳುವವನ ತಪ್ಪಲ್ಲ. ಗದ್ದಲದ ಒಳಗೆ ಒಂದು ಕಟ್ಟು ಇದೆಯೆಂಬುದು ನಾಲ್ಕಾರು ಸಲ ಕೇಳಿದ ಮೇಲೆ ತಿಳಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ತಂಡವು ಇನ್ನೊಂದು ದಾರಿಯಿಂದಲೂ ಪರಿಚಿತವಾಗಬಹುದು. ಕೋಲ್‌ರಿಜ್ ಕವಿಯ 1798ರ ಮುದಿ ನಾವಿಕನ ಕಥನಕವನವನ್ನು ಇವರು 1984ರಲ್ಲಿ ಹದಿಮೂರು ನಿಮಿಷ ಮೀರುವ ಹಾಡಾಗಿ ಕಟ್ಟಿದರು. ರಿಯೋದಲ್ಲಿ ಹಾಡಿದ ಹದಿನೆಂಟರಲ್ಲಿ ಒಂದಕ್ಕೆ ಹಕ್ಸ್ಲಿಯ 1932ರ ಕಾದಂಬರಿಯ ಹೆಸರು. ಇನ್ನೊಂದರ ಹೆಸರು ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯ ಭಾಷಣದಿಂದ ಎತ್ತಿಕೊಂಡದ್ದು. ಮತ್ತೊಂದರ ಹಿಂದೆ ಉಂಬರ್ಟೋ ಎಕೋ 1980ರಲ್ಲಿ ಬರೆದ ಮಠದ ಕೊಲೆಗಳ ಕಾದಂಬರಿ. ‘ದಿ ಟ್ರೂಪರ್’ ಎಂಬ ಹಾಡಿನ ವಸ್ತು 1854ರ ಬಾಲಕ್ಲಾವಾ ಕದನ. ನಮ್ಮ ಕಾಲೇಜುಗಳಲ್ಲಿ ಟೆನಿಸನ್ನನ ಪದ್ಯವನ್ನು ಬಾಯಿಪಾಠ ಮಾಡಿದವರೆಲ್ಲರಿಗೂ ಆ ಅಶ್ವದಳದ ಗತಿ ತಿಳಿದದ್ದೇ. ಟೆನಿಸನ್ ದೂರದಲ್ಲಿ ನಿಂತು ಸವಾರರ ವಿಧೇಯತೆಯನ್ನು ಕೊಂಡಾಡಿದನು. ಹಾಡಿನಲ್ಲಿ ಮಾತನಾಡುವವನು ಒಬ್ಬ ಸವಾರ. ಗುಂಡು ತಗುಲಿ ಬೀಳುವವನು, ಬಿದ್ದಲ್ಲಿ ತನಗಾಗಿ ಅಳುವವರಿಲ್ಲವೆಂದು ಕಂಡುಕೊಳ್ಳುವವನು. ದಳದ ಕಥೆಯು ಒಬ್ಬ ಸವಾರನ ಸಾವಾಗಿ ತಿರುಗಿದ್ದರಲ್ಲಿ ವಿಚಾರ ಮಾಡತಕ್ಕ ಅಂಶವಿದೆ. ಆಕರ ದೊಡ್ಡದಾದ ಮಾತ್ರಕ್ಕೆ ಹಾಡೂ ದೊಡ್ಡದೆಂದು ನಾನು ಹೇಳುವುದಿಲ್ಲ. ದೊಡ್ಡ ಆಕರಗಳಿಂದ ಸಣ್ಣ ಕೃತಿಗಳು ಹುಟ್ಟಿರುವುದಕ್ಕೆ ಯಾವ ಭಾಷೆಯಲ್ಲಿಯೂ ಉದಾಹರಣೆಗೆ ಬಡತನವಿಲ್ಲ. ಈ ಜನ ಓದಿದವರು, ಓದಿದ್ದನ್ನು ತಮ್ಮ ಸಭೆಗೆ ತಲುಪಿಸಬಲ್ಲವರು ಎಂಬಷ್ಟನ್ನು ಒಪ್ಪಿಕೊಂಡರೆ ನನ್ನ ವಾದಕ್ಕೆ ಸಾಕು.

ಇನ್ನು ಸಭಾಮುದ್ರಿಕೆಯ ಮೇಲಿರುವ ಆಕ್ಷೇಪಗಳನ್ನು ನೋಡೋಣ. ಮುಖ್ಯವಾದವು ಎರಡು. ಹೊಸದನ್ನು ಬರೆಯಲಾರದ ತಂಡ ಹಳೆಯದನ್ನೇ ಮತ್ತೆ ಮಾರುವ ಉಪಾಯ ಇದು ಎಂಬುದು ಒಂದು. ಸಭೆಯಲ್ಲಿ ಮುದ್ರಿಸಿದ್ದೆಂದು ಹೇಳಿ ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಸುಳ್ಳು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ.

ಮೊದಲನೆಯದಕ್ಕೆ ಐರನ್ ಮೇಡನ್ನಿನ ಚರಿತ್ರೆಯಲ್ಲಿಯೇ ಸಾಕ್ಷಿ ದೊರೆಯುತ್ತದೆ. 1993ನೆಯ ಒಂದೇ ವರ್ಷದಲ್ಲಿ ಈ ತಂಡದಿಂದ ಮೂರು ಸಭಾಮುದ್ರಿಕೆಗಳು ಹೊರಬಂದವು. ಗಾಯಕ ತಂಡವನ್ನು ಬಿಡುತ್ತಿದ್ದ ವರ್ಷ ಅದು. ಅಭಿಮಾನಿಗಳ ಕೈಯಲ್ಲಿರುವ ಕಾಸು ಖರ್ಚಾಗುವವರೆಗೆ ಅಂಗಡಿಯ ಬಾಗಿಲನ್ನು ತೆರೆದಿಟ್ಟಿದ್ದರೆಂದು ಹೇಳಿದರೆ ಅದು ಅನ್ಯಾಯದ ಮಾತಾಗಲಾರದು. ಇಂದಿಗೆ ಲೆಕ್ಕ ಹಿಡಿದರೆ ಇವರ ಸಭಾಮುದ್ರಿಕೆಗಳು ಹತ್ತನ್ನು ಮೀರುತ್ತವೆ. ಹತ್ತಕ್ಕೂ ಒಂದೇ ತೂಕವಿದೆಯೆಂದು ವಾದಿಸುವ ಹುರುಪು ನನಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಹನವಾದದ್ದು. ‘ಡೀಪ್ ಪರ್ಪಲ್’ ತಂಡದವರು 1972ರ ಆಗಸ್ಟ್ 15, 16, 17ರಂದು ಒಸಾಕಾ, ಟೋಕಿಯೋ ನಗರಗಳಲ್ಲಿ ಹಾಡಿದ್ದು ‘ಮೇಡ್ ಇನ್ ಜಪಾನ್’ ಎಂಬ ಮುದ್ರಿಕೆಯಾಯಿತು. ಜಪಾನಿನ ಮಾರುಕಟ್ಟೆಗೆಂದು ಮಾತ್ರ ಯೋಚಿಸಿದ್ದ ಆ ಕೆಲಸಕ್ಕೆ ತಂಡದವರು ಮೊದಲು ಹೆಚ್ಚಿನ ಆದರ ತೋರಿರಲಿಲ್ಲ. ಹಾಡಿದ್ದನ್ನು ಆಮೇಲೆ ತಿದ್ದಲೂ ಇಲ್ಲ. ಅದು ಸಭಾಮುದ್ರಿಕೆಗಳ ಪೈಕಿ ಮಾದರಿಯೆನಿಸಿತು. ಏಳು ವರ್ಷಗಳ ಮೇಲೆ, 1979ರಲ್ಲಿ, ‘ಜೂಡಸ್ ಪ್ರೀಸ್ಟ್’ ತಂಡದವರು ಅದೇ ಟೋಕಿಯೋದಲ್ಲಿ ಹಾಡಿ ‘ಅನ್‌ಲೀಶ್ಡ್ ಇನ್ ದಿ ಈಸ್ಟ್’ ಹೊರತಂದರು. ಅದರಲ್ಲಿ ಕೇಳುವ ಹಾಡುಗಾರಿಕೆಯನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದ್ದೆಂದು ಗಾಯಕ ರಾಬ್ ಹಾಲ್ಫರ್ಡ್ ಮುಂದೆ ತಾನೇ ಒಪ್ಪಿಕೊಂಡನು. ‘ಥಿನ್ ಲಿಝಿ’ ತಂಡದ 1978ರ ಸಭಾಮುದ್ರಿಕೆಯ ಬಹುಭಾಗ ಸ್ಟುಡಿಯೋದ್ದೆಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರೆ, ತಂಡದವರು ಅದನ್ನು ಅಲ್ಲಗಳೆದರು. ಹೀಗಿರುವಾಗ ಮುದ್ರಿಕೆಯ ಮೇಲೆ ಊರಿನ ಹೆಸರನ್ನೂ ದಿನಾಂಕವನ್ನೂ ಕಂಡಕೂಡಲೆ ಅದನ್ನು ದಸ್ತಾವೇಜೆಂದು ನಂಬುವುದು ಜಾಣತನವಲ್ಲ.

ಆದರೆ ಇದೇ ಸಂಶಯವು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರನ ಕೈವಾಡವಿದೆ. ವಾಚಕನು ಸೇರಿಸಿದ ಪದ್ಯಗಳಿವೆ. ಮೂಲದಲ್ಲಿ ಇದ್ದುದು ಯಾವುದು, ಪ್ರಕ್ಷಿಪ್ತ ಯಾವುದು ಎಂದು ತಿಳಿಯಲು ಪಂಡಿತರು ಆಯುಷ್ಯವನ್ನೇ ಸವೆಸಿದ್ದಾರೆ. ಹಾಗೆಂದು ಓಲೆಗರಿಗಳನ್ನು ಯಾರೂ ಹೊಳೆಗೆ ಎಸೆಯಲಿಲ್ಲ. ಪ್ರತಿಪ್ರತಿಗಳನ್ನು ಹೋಲಿಸಿ ಓದುವ ಶಿಸ್ತನ್ನು ಬೆಳೆಸಿಕೊಂಡೆವು. ಸಭಾಮುದ್ರಿಕೆಯನ್ನೂ ಅದೇ ಶಿಸ್ತಿನಿಂದ ಕೇಳಬೇಕೆಂದು ನನ್ನ ಅಭಿಪ್ರಾಯ. ಹಾಗೆ ಕೇಳಿದಾಗ ಪ್ರಕ್ಷಿಪ್ತಗಳ ನಡುವೆ ಕೆಲವು ಪಾಠಾಂತರಗಳು ಮೂಲಕ್ಕಿಂತ ಸೊಗಸಾಗಿರುವುದೂ ಕಂಡುಬರುತ್ತದೆ.

‘ರಾಕ್ ಇನ್ ರಿಯೋ’ದಲ್ಲಿ ನನಗೆ ಕಂಡ ಅಂಥ ಪಾಠಾಂತರವನ್ನು ಹೇಳುವುದಕ್ಕೆ ಮೊದಲು ಆ ಸಭೆ ಎಂಥದೆಂಬುದನ್ನು ಹೇಳಬೇಕು. ಅಂದು ಆ ಬಯಲಿನಲ್ಲಿ ಕೂಡಿದ್ದ ಜನ ಸುಮಾರು 2,50,000 ಎಂದು ತಂಡದವರ ಲೆಕ್ಕ. ಆ ಜನಕ್ಕೂ ಈ ತಂಡಕ್ಕೂ ಹಳೆಯ ನಂಟಿತ್ತು. 1985ರ ಜನವರಿ 11ರಂದು ರಿಯೋದ ಈ ಉತ್ಸವವು ಮೊಟ್ಟಮೊದಲು ನಡೆದಾಗ ಐರನ್ ಮೇಡನ್ ಅಲ್ಲಿ ಹಾಡಿತ್ತು. 1964ರಿಂದ ಸೇನೆಯ ಆಳ್ವಿಕೆಯಲ್ಲಿದ್ದ ಬ್ರೆಜಿಲ್ ದೇಶವು ಅದರಿಂದ ಹೊರಬರುತ್ತಿದ್ದ ವಾರ ಅದು. ಉತ್ಸವ ನಡೆಯುತ್ತಿರುವಾಗಲೇ, ಜನವರಿ 15ರಂದು, ಸೇನೆಗೆ ಸೇರದ ತಾಂಕ್ರೆದೋ ನೆವೆಸ್ ಅಧ್ಯಕ್ಷನಾಗಿ ಆಯ್ಕೆಗೊಂಡನು. ಸಾವಿರಾರು ಜನ ಒಂದೆಡೆ ಸೇರಿ ಗಂಟಲೆತ್ತಿ ಕೂಗುವುದೆಂದರೆ ಏನೆಂದು ಆ ವಾರ ಅಲ್ಲಿದ್ದವರಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಹದಿನಾರು ವರ್ಷಗಳ ಮೇಲೆ ಅದೇ ತಂಡ ಮರಳಿ ಬಂದಾಗ ಸಭೆಯಲ್ಲಿ ಕೆಲವರು ಆ ನೆನಪನ್ನು ಹೊತ್ತು ನಿಂತಿದ್ದರು. ಉಳಿದವರು ಅದನ್ನು ಕೇಳಿ ಬಲ್ಲವರು.

ತಂಡದವರೂ ಬರಿಯ ನೆನಪಿನ ಬುತ್ತಿಯನ್ನು ಬಿಚ್ಚಿ ಕುಳಿತಿರಲಿಲ್ಲ. ಹದಿನೆಂಟು ಹಾಡುಗಳಲ್ಲಿ ಆರು, ಅದರ ಹಿಂದಿನ ವರ್ಷ ಹೊರಬಂದಿದ್ದ ‘ಬ್ರೇವ್ ನ್ಯೂ ವರ್ಲ್ಡ್’ ಸಂಪುಟದವು. ಇಪ್ಪತ್ತೈದು ವರ್ಷ ಹಾಡಿದ ತಂಡಕ್ಕೆ ಇದು ಸಣ್ಣ ಧೈರ್ಯವಲ್ಲ. ಇನ್ನೆರಡು ಹಾಡುಗಳು ಡಿಕಿನ್ಸನ್ ತಂಡದಲ್ಲಿಲ್ಲದ ವರ್ಷಗಳಲ್ಲಿ ಬ್ಲೇಜ್ ಬೇಲಿ ಎಂಬ ಗಾಯಕ ಹಾಡಿದ್ದವು. ಬೇಲಿಯ ಕಾಲವನ್ನು ತಂಡದ ಇಳಿಗಾಲವೆಂದು ಅಭಿಮಾನಿಗಳಲ್ಲಿ ಹಲವರು ಹೇಳುತ್ತಿದ್ದರು. ಮರಳಿ ಬಂದ ಗಾಯಕನು ಆ ಹಾಡುಗಳನ್ನು ಬದಿಗಿಡದೆ ತನ್ನ ಕಂಠಕ್ಕೆ ತಂದುಕೊಂಡನು. ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಹೋರಾಟವನ್ನು ವಸ್ತುವಾಗಿ ಉಳ್ಳ ‘ದಿ ಕ್ಲಾನ್ಸ್‌ಮನ್’ ಅವುಗಳಲ್ಲಿ ಒಂದು. ಸ್ವಾತಂತ್ರ್ಯ ಎಂಬ ಅರ್ಥದ ಒಂದೇ ಶಬ್ದವನ್ನು ಆ ಬಯಲಿನ ಜನ ಕೂಗಿದ್ದನ್ನು ಕೇಳಿದವರಿಗೆ, ಮೂಲ ಮುದ್ರಿಕೆಯಲ್ಲಿ ಆ ಶಬ್ದ ಬಹಳ ಒಂಟಿಯಾಗಿತ್ತೆಂದು ತೋರುತ್ತದೆ.

ಈಗ ಪಾಠಾಂತರದ ಮಾತಿಗೆ ಬರುತ್ತೇನೆ. ‘ಫಿಯರ್ ಆಫ್ ದಿ ಡಾರ್ಕ್’ ಎಂಬುದು ಹ್ಯಾರಿಸ್ 1992ರಲ್ಲಿ ರಚಿಸಿದ ಹಾಡು. ಕತ್ತಲಲ್ಲಿ ಒಬ್ಬನೇ ನಡೆಯುವವನಿಗೆ ಹಿಂದೆ ಯಾರೋ ಬರುತ್ತಿರುವರೆಂಬ ಅಂಜಿಕೆ ಅದರ ವಸ್ತು. ಸ್ಟುಡಿಯೋದ ಮುದ್ರಿಕೆಯಲ್ಲಿ ಅದು ಒಂಟಿತನದ ಹಾಡೇ: ಗಿಟಾರು ಮೆಲ್ಲಗೆ ಒಂದು ರಾಗದ ಎಳೆಯನ್ನು ನುಡಿಸುತ್ತದೆ, ಗಾಯಕನು ತಗ್ಗಿದ ದನಿಯಲ್ಲಿ ತನ್ನ ಭಯವನ್ನು ಹೇಳಿಕೊಳ್ಳುತ್ತಾನೆ, ಆಮೇಲೆ ವಾದ್ಯಗಳು ಹೆದರಿದ ಕುದುರೆಯಂತೆ ಓಡುತ್ತವೆ. ರಿಯೋದಲ್ಲಿ ಗಿಟಾರು ಆ ಎಳೆಯನ್ನು ಎತ್ತಿದ ಕ್ಷಣವೇ ಜನ ಅದನ್ನು ಹಾಡತೊಡಗುತ್ತಾರೆ. ಹಾಡಿನ ಸಾಹಿತ್ಯ ಇನ್ನೂ ಆರಂಭವಾಗಿಲ್ಲ. ಆ ಸ್ವರಗಳಿಗೆ ಮಾತನ್ನು ಯಾರೂ ಬರೆದಿಲ್ಲ. ಮಾತಿಲ್ಲದ ಒಂದು ‘ಓ’ಕಾರದಿಂದಲೇ ಗಿಟಾರಿನ ಸ್ವರಗಳನ್ನು ಒಂದೊಂದಾಗಿ ಹಿಡಿದು ಅವರು ನಡೆಸುತ್ತಾರೆ; ಗಿಟಾರು ಆ ದನಿಯ ಅಡಿಯಲ್ಲಿ ಶ್ರುತಿಯಂತೆ ಉಳಿಯುತ್ತದೆ.

ಇದನ್ನು ಯಾರೂ ಅವರಿಗೆ ಕಲಿಸಿದ್ದಲ್ಲ. ಹಾಡನ್ನು ಬರೆದವನ ಎಣಿಕೆಯಲ್ಲಿ ಗಿಟಾರಿಗೆ ಸಂದಿದ್ದ ಸ್ಥಾನವನ್ನು ಕೇಳುವವರು ತಮ್ಮದಾಗಿ ಮಾಡಿಕೊಂಡರು. ಪೋರ್ಚುಗೀಸ್ ಆಡುವ ಆ ಜನಕ್ಕೆ ಹಾಡಿನ ಭಾಷೆ ಪರಭಾಷೆ. ಪರಭಾಷೆಯ ಮಾತಿನಲ್ಲಿ ಉಚ್ಚಾರದ ತೊಡಕಿದೆ, ಸ್ವರದಲ್ಲಿ ಅದಿಲ್ಲ. ಆದ್ದರಿಂದ ಅವರು ಪೂರ್ಣವಾಗಿ ಒಡೆಯರಾಗಬಹುದಾದ ಭಾಗವನ್ನೇ ಆರಿಸಿಕೊಂಡರೆಂದು ನನಗೆ ತೋರುತ್ತದೆ. ಇದರಿಂದ ಹಾಡಿನ ಅರ್ಥವೇ ಬದಲಾಯಿತು. ಕತ್ತಲಿಗೆ ಒಬ್ಬನೇ ಅಂಜುವವನ ಹಾಡನ್ನು ಲಕ್ಷಾಂತರ ಜನ ಕತ್ತಲಲ್ಲಿ ನಿಂತು ಒಟ್ಟಿಗೆ ಹಾಡಿದಾಗ, ಬೆನ್ನ ಹಿಂದೆ ಯಾರೋ ಇದ್ದಾರೆಂಬ ಅದೇ ಅರಿವು ಅಂಜಿಕೆಯನ್ನು ಬಿಟ್ಟು ನೆಮ್ಮದಿಯ ಕಡೆಗೆ ತಿರುಗುತ್ತದೆ. ಕವಿ ಬರೆದ ಒಂದಕ್ಷರವೂ ಬದಲಾಗಿಲ್ಲ. ಈ ತಿರುವು ಸಂಪೂರ್ಣವಾಗಿ ಸಭಿಕರ ಕೊಡುಗೆ. ಸಹೃದಯನ ಪಾಲನ್ನು ತೋರಿಸೆಂದು ಕೇಳಿದ ವಿದ್ಯಾರ್ಥಿಗೆ ನಾನು ತೋರಿಸಬಯಸುವ ಜಾಗ ಇದು.

ಕಿವಿಗೊಟ್ಟು ಕೇಳಿದರೆ ಇನ್ನೊಂದು ಸೂಕ್ಷ್ಮವೂ ತಿಳಿಯುತ್ತದೆ. ಸಭೆಯ ದನಿ ವಾದ್ಯಕ್ಕಿಂತ ಕೂದಲೆಳೆಯಷ್ಟು ಹಿಂದೆ ಎಳೆಯುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆಯಷ್ಟೆ. ನೂರೆಪ್ಪತ್ತು ಮೀಟರು ದೂರ ನಿಂತವನ ಕೂಗು ವೇದಿಕೆಯನ್ನು ಮುಟ್ಟಲು ಅರ್ಧ ಸೆಕೆಂಡು ಬೇಕು. ಸ್ಟುಡಿಯೋದಲ್ಲಿ ಇಂಥ ತಡವನ್ನು ದೋಷವೆಂದು ಒರೆಸಿಹಾಕುತ್ತಾರೆ. ಇಲ್ಲಿ ಆ ತಡವೇ ಬಯಲಿನ ಅಳತೆ, ಜನದ ಅಳತೆ. ಮುದ್ರಿಕೆಯ ನಿರ್ಮಾಪಕ ಕೆವಿನ್ ಶರ್ಲಿ ಆ ದನಿಯನ್ನು ಹಿನ್ನೆಲೆಯ ಗುಜುಗುಜಿಗೆ ಇಳಿಸದೆ ಉಳಿಸಿಕೊಂಡಿದ್ದಾನೆ. ಸಭೆಯ ಕಡೆಗೆ ತಿರುಗಿಸಿಟ್ಟ ಮೈಕುಗಳಿಂದ ಬಂದದ್ದನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬ ತೀರ್ಮಾನ ಮನುಷ್ಯರದೇ. ಆ ಮಟ್ಟಿಗೆ ಈ ಮುದ್ರಿಕೆಯೂ ಸಂಪಾದಿತ ಗ್ರಂಥವೇ ಹೊರತು ಕನ್ನಡಿಯಲ್ಲ. ಸಂಪಾದಕನಲ್ಲಿ ನಾವು ಬೇಡುವ ವಿವೇಕ ಇಲ್ಲಿದೆಯೆಂಬುದು ನನ್ನ ತೀರ್ಪು.

ಮುದ್ರಿಕೆಯ ಆರನೆಯ ಹಾಡಾದ ‘ಬ್ಲಡ್ ಬ್ರದರ್ಸ್’ ಇದಕ್ಕೆ ಜೊತೆಯಾಗಿ ಕೇಳತಕ್ಕದ್ದು. ತಂದೆ ತೀರಿಕೊಂಡ ಮೇಲೆ ಹ್ಯಾರಿಸ್ ಆ ದುಃಖದಿಂದ ಬರೆದ ಹಾಡು ಇದು. ತಿಶ್ರದ ತೂಗು ನಡೆಯಲ್ಲಿ ಸಾಗಿ, ಮನುಷ್ಯರೆಲ್ಲ ಒಡಹುಟ್ಟಿದವರೆಂಬ ಭಾವದ ಪಲ್ಲವಿಯಲ್ಲಿ ನಿಲ್ಲುತ್ತದೆ. ಮಗನೊಬ್ಬನ ಖಾಸಗಿ ಶೋಕ ಅದು. ಪಲ್ಲವಿಯನ್ನು ಬಯಲೆಲ್ಲ ಎತ್ತಿಕೊಂಡಾಗ, ಬರೆದವನು ವೇದಿಕೆಯ ಮೇಲೆ ಬೇಸ್ ನುಡಿಸುತ್ತ ತನ್ನ ದುಃಖವನ್ನು ಅಪರಿಚಿತರ ಬಾಯಿಂದ ಕೇಳಿಸಿಕೊಳ್ಳುತ್ತಿದ್ದಾನೆ. ಶೋಕವು ಸಾಧಾರಣೀಕರಣಗೊಂಡು ರಸವಾಗುವುದೆಂದು ಓದಿದ್ದೇವೆ. ಅದು ಆಗುತ್ತಿರುವ ಶಬ್ದ ಹೀಗಿರಬಹುದು.

ಇದೇ ತಂಡದ ಎಳೆಯ ವಯಸ್ಸಿನ ಸಭಾಮುದ್ರಿಕೆಯೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ವಯಸ್ಸಿನ ಮಾತು ಸ್ಪಷ್ಟವಾಗುತ್ತದೆ. 1985ರ ‘ಲೈವ್ ಆಫ್ಟರ್ ಡೆತ್’ನ ಬಹುಭಾಗ ಅದೇ ವರ್ಷದ ಮಾರ್ಚಿಯಲ್ಲಿ ಅಮೆರಿಕೆಯ ಲಾಂಗ್ ಬೀಚ್ ನಗರದಲ್ಲಿ ಮುದ್ರಿತವಾದದ್ದು, ಕೊನೆಯ ಭಾಗ 1984ರ ಅಕ್ಟೋಬರಿನಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಿನಲ್ಲಿ. ಡೀಪ್ ಪರ್ಪಲ್‌ನ ಜಪಾನ್ ಮುದ್ರಿಕೆಗೆ ಕೆಲಸ ಮಾಡಿದ್ದ ಮಾರ್ಟಿನ್ ಬರ್ಚ್ ಇದಕ್ಕೂ ನಿರ್ಮಾಪಕ. ಆಗ ಡಿಕಿನ್ಸನ್ನನಿಗೆ 26 ವರ್ಷ, ರಿಯೋದಲ್ಲಿ 42. ಎರಡರಲ್ಲಿಯೂ ಇರುವ ‘ಹ್ಯಾಲೋಡ್ ಬಿ ದೈ ನೇಮ್’ ಹಾಡನ್ನು ಒಂದರ ಮೇಲೊಂದು ಕೇಳಿ. ಗಲ್ಲಿಗೇರಲಿರುವವನ ಕೊನೆಯ ಗಂಟೆಯನ್ನು ಹೇಳುವ ಹಾಡು ಅದು. ಇಪ್ಪತ್ತಾರರ ಗಾಯಕನ ತಾರಸ್ಥಾಯಿ ಕತ್ತಿಯ ಅಲಗಿನಂತೆ ಹರಿತ. ಸಾವು ಅವನಿಗೆ ಒಂದು ಭರ್ಜರಿ ವಸ್ತು. ನಲವತ್ತೆರಡರವನ ದನಿ ತುಸು ದಪ್ಪ, ತುಸು ಒರಟು. ಸಾವಿನ ಮಾತನ್ನು ಆಡುವಾಗ ಸರಾಗ ಕಡಮೆ, ಭಾರ ಹೆಚ್ಚು. ಅಪ್ಪಟ ಕಂಠವೇ ಬೇಕೆನ್ನುವವರು ಮೊದಲನೆಯದನ್ನು ಮೆಚ್ಚಲಿ. ಹಾಡಿನ ವಸ್ತುವಿಗೆ ಹೊಂದುವ ದನಿ ನನ್ನ ಕಿವಿಗೆ ಎರಡನೆಯದೇ. 2014ರ ಕೊನೆಯಲ್ಲಿ ಇದೇ ಗಾಯಕನ ನಾಲಗೆಯ ಬುಡದಲ್ಲಿ ಅರ್ಬುದ ಕಾಣಿಸಿಕೊಂಡಿತು. ಚಿಕಿತ್ಸೆಯಿಂದ ಗುಣ ಹೊಂದಿ 2016ರಲ್ಲಿ ಮತ್ತೆ ವೇದಿಕೆ ಹತ್ತಿದನು. ಆ ಪ್ರವಾಸದಲ್ಲಿ ಹಲವು ನಗರಗಳಲ್ಲಿ ಹಾಡಿದ್ದು 2017ರಲ್ಲಿ ಮುದ್ರಿಕೆಯಾಗಿ ಬಂದಿದೆ. ಕಾಯಿಲೆಯನ್ನು ದಾಟಿ ಬಂದ ಕಂಠದ ಚರಿತ್ರೆಯನ್ನು ಸ್ಟುಡಿಯೋದ ಒಂದು ಮುದ್ರಿಕೆ ನಮಗೆ ಹೇಳಲಾರದು. ಸಭಾಮುದ್ರಿಕೆಗಳನ್ನು ಸಾಲಾಗಿ ಇಟ್ಟಾಗ ಮಾತ್ರ ಒಬ್ಬ ಮನುಷ್ಯನ ಕಂಠದ ಮೂವತ್ತು ವರ್ಷಗಳ ಬಾಳು ಎದುರಿಗೆ ನಿಲ್ಲುತ್ತದೆ.

ನಮ್ಮ ಊರಿನ ಮಾತೂ ಇಲ್ಲಿ ಬರಬೇಕು. 2007ರ ಮಾರ್ಚ್ 17ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಭಾರತದಲ್ಲಿ ಅದು ಅವರ ಮೊದಲ ಸಭೆ. ಸೇರಿದ್ದ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ‘ಫಿಯರ್ ಆಫ್ ದಿ ಡಾರ್ಕ್’ನ ಗಿಟಾರು ಎದ್ದಾಗ ನಮ್ಮ ಹುಡುಗರು ರಿಯೋದವರು ಹಾಡಿದ ಸ್ವರವನ್ನೇ, ಅದೇ ‘ಓ’ಕಾರದಿಂದ, ತಪ್ಪಿಲ್ಲದೆ ಹಾಡಿದರು. ತಂಡವನ್ನು ಅವರು ಅದುವರೆಗೆ ಕಣ್ಣಾರೆ ಕಂಡವರಲ್ಲ. ಹಾಗಾದರೆ ಈ ವಾಡಿಕೆಯನ್ನು ಎಲ್ಲಿ ಕಲಿತರು? ಸಭಾಮುದ್ರಿಕೆಗಳಿಂದಲೇ ಎಂದು ನನ್ನ ಊಹೆ. ಬ್ರೆಜಿಲಿನ ಸಭೆ ಸೇರಿಸಿದ ಪಾಠಾಂತರವು ಮುದ್ರಿಕೆಯ ಮೂಲಕ ಬೆಂಗಳೂರಿನ ಸಭೆಗೆ ಬಂದು ಮುಟ್ಟಿತ್ತು. ಗುರುವಿನಿಂದ ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದ ಜನವೆಂದು ಕವಿರಾಜಮಾರ್ಗಕಾರನು ನಾಡವರನ್ನು ಮೆಚ್ಚಿದ್ದು ನನಗೆ ಆ ಸಂಜೆ ನೆನಪಾಯಿತು.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ವಿಮರ್ಶೆ ಒಮ್ಮುಖವಾಗುತ್ತದೆ. 2008ರ ಫೆಬ್ರವರಿ 1ರಂದು ತಂಡ ಮುಂಬಯಿಯಲ್ಲಿ ಹಾಡಿತು. 2009ರಲ್ಲಿ ಬಂದ ‘ಫ್ಲೈಟ್ 666’ ಎಂಬ ಸಂಪುಟದಲ್ಲಿ ಒಂದೊಂದು ಹಾಡು ಒಂದೊಂದು ನಗರದ್ದು, ಮೊದಲನೆಯದು ಮುಂಬಯಿಯದು. ಅದಕ್ಕೆ ನಾಂದಿಯಾಗಿ 1940ರ ಜೂನಿನಲ್ಲಿ ಚರ್ಚಿಲ್ ಮಾಡಿದ ಭಾಷಣದ ತುಣುಕನ್ನು ಕೇಳಿಸುತ್ತಾರೆ. ಬ್ರಿಟನ್ನಿನ ಆಕಾಶದಲ್ಲಿ ಕಾದಿದ ವೈಮಾನಿಕರ ಮೇಲಿನ ಹಾಡಿಗೆ ಇಂಗ್ಲೆಂಡಿನಲ್ಲಿ ಅದು ಒಪ್ಪುವ ನಾಂದಿಯೇ. ಆದರೆ ಅದೇ ಚರ್ಚಿಲ್ ಭಾರತಕ್ಕೆ ಸ್ವರಾಜ್ಯ ಸಲ್ಲದೆಂದು ಬಾಳೆಲ್ಲ ವಾದಿಸಿದವನು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವನು. ಅವನ ದನಿ ಮೊಳಗಿದಾಗ ಮುಂಬಯಿಯ ತರುಣರು ಹರ್ಷದಿಂದ ಕೂಗಿದ್ದು ಮುದ್ರಿಕೆಯಲ್ಲಿ ಕೇಳುತ್ತದೆ. ಅವರು ಕೂಗಿದ್ದು ಚರ್ಚಿಲ್ಲನಿಗಾಗಿ ಎಂದು ನಾನು ತಿಳಿಯುವುದಿಲ್ಲ. ಆ ಭಾಷಣದ ಬೆನ್ನಿಗೆ ಯಾವ ಹಾಡು ಬರುತ್ತದೆಂದು ಅವರಿಗೆ ಗೊತ್ತು. ಬಾಗಿಲು ತೆರೆಯುವ ಸದ್ದಿಗೆ ಅವರು ಕೂಗಿದರು. ಆದರೂ ಸಭೆಯ ದನಿಗೆ ಒಂದು ಮಿತಿಯಿದೆಯೆಂಬುದನ್ನು ಇದು ತೋರಿಸುತ್ತದೆ. ಗುಂಪಿನ ಕೂಗು ಮೆಚ್ಚುಗೆಯನ್ನು ಹೇಳಬಲ್ಲದು, ಒಡೆತನವನ್ನು ಹೇಳಬಲ್ಲದು. ತಡೆದು ನಿಂತು ಯೋಚಿಸಿದ ಒಬ್ಬನ ಮೌನ ಮಾತ್ರ ಆ ಕೂಗಿನಲ್ಲಿ ಮುಳುಗಿಹೋಗುತ್ತದೆ. ಮೈಕಿಗೆ ಮೌನವನ್ನು ಹಿಡಿಯುವ ಶಕ್ತಿಯಿಲ್ಲ. ಸಹೃದಯನ ಪಾಲು ಸಭಾಮುದ್ರಿಕೆಯಲ್ಲಿ ಕೇಳುತ್ತದೆಂದೆನಲ್ಲ, ಅದು ಅರ್ಧಪಾಲು ಮಾತ್ರ. ಉಳಿದರ್ಧ ಮುದ್ರಿಕೆಯನ್ನು ಒಬ್ಬನೇ ಕುಳಿತು ಕೇಳುವ ನಮಗೆ ಬಿಟ್ಟದ್ದು.

ಇಂದು ಸಭೆಯಲ್ಲಿ ನಿಂತ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು ಫೋನಿದೆ. ಹಾಡು ಮುಗಿಯುವ ಮೊದಲೇ ಅದರ ತುಣುಕು ಜಗತ್ತನ್ನು ಸುತ್ತಿರುತ್ತದೆ. ಇನ್ನು ಸಭಾಮುದ್ರಿಕೆಯ ಅಗತ್ಯವೇನೆಂದು ಕೇಳುವವರಿದ್ದಾರೆ. ತುಣುಕಿನಲ್ಲಿ ಸಿಗುವುದು ತಾನು ಅಲ್ಲಿದ್ದೆನೆಂಬ ಸಾಕ್ಷಿ. ಮುದ್ರಿಕೆಯಲ್ಲಿ ಸಿಗುವುದು ಒಂದು ಇಡೀ ರಾತ್ರಿಯ ಏರಿಳಿತ: ಹೊಸ ಹಾಡಿಗೆ ಸಭೆ ತುಸು ಸಂಕೋಚದಿಂದ ಕಿವಿಗೊಟ್ಟದ್ದು, ಹಳೆಯದಕ್ಕೆ ಉಕ್ಕಿದ್ದು, ನಡುವೆ ದಣಿದದ್ದು, ಕೊನೆಗೆ ಮತ್ತೆ ಎದ್ದದ್ದು. ಖಂಡಕಾವ್ಯಕ್ಕೂ ಬಿಡಿ ಪದ್ಯಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಕಾಲ ತನ್ನ ಕೆಲಸವನ್ನು ಬಿಟ್ಟಿಲ್ಲ. ರಿಯೋದ ಆ ರಾತ್ರಿ ಡ್ರಮ್ಮು ಬಾರಿಸಿದ ನಿಕೋ ಮೆಕ್‌ಬ್ರೇನ್ 2023ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಚೇತರಿಸಿಕೊಂಡು, 2024ರ ಡಿಸೆಂಬರ್ 7ರಂದು ಬ್ರೆಜಿಲಿನದೇ ಆದ ಸಾವೋ ಪೌಲೋ ನಗರದಲ್ಲಿ ತನ್ನ ಕೊನೆಯ ಪ್ರವಾಸದ ಸಭೆಯನ್ನು ಮುಗಿಸಿದನು. ತಂಡದ ಮೊದಲೆರಡು ಸಂಪುಟಗಳಿಗೆ ದನಿಯಾಗಿದ್ದ ಪಾಲ್ ಡಿಯಾನೋ ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡನು. 2001ರಲ್ಲಿ ಇಪ್ಪತ್ತರ ಹರೆಯದಲ್ಲಿ ಆ ಬಯಲಿನಲ್ಲಿ ನಿಂತು ಹಾಡಿದವರಿಗೂ ಈಗ ನಡುವಯಸ್ಸು ದಾಟುತ್ತಿದೆ. ಹಾಡಿದವರಿಗೂ ಕೇಳಿದವರಿಗೂ ಒಟ್ಟಿಗೆ ವಯಸ್ಸಾಗುತ್ತಿದೆಯೆಂಬುದನ್ನು ಸ್ಟುಡಿಯೋದ ಮುದ್ರಿಕೆ ಎಂದಿಗೂ ಹೇಳದು. ಅದರಲ್ಲಿ ಕೇಳುವವನೇ ಇಲ್ಲ. ‘ರಾಕ್ ಇನ್ ರಿಯೋ’ ಹೇಳುತ್ತದೆ. ಸಹೃದಯತತ್ತ್ವವನ್ನು ಪಾಠ ಮಾಡುವ ಅಧ್ಯಾಪಕರು ಶ್ಲೋಕವನ್ನು ವಿವರಿಸಿದ ಮೇಲೆ ಏಳು ನಿಮಿಷ ಬಿಡುವು ಮಾಡಿಕೊಂಡು ಆ ಒಂದು ಹಾಡನ್ನು ತರಗತಿಯಲ್ಲಿ ಕೇಳಿಸಿದರೆ ಅದು ಪಠ್ಯಕ್ಕೆ ಹೊರಗಿನ ಕೆಲಸವಾಗಲಾರದೆಂದು ನಾನು ಭಾವಿಸುತ್ತೇನೆ.